ಸಾವಿರ ವ್ಯಾಟಿನ ಪೆಟ್ಟಿಗೆ, ಸೀರೆ ಹಿಂದಿನ ಏಕತಾರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ‘ಮನೆಯಲ್ಲೇ ಮೆಹಫಿಲ್’ ಅಂತ ಒಂದು ಪುಟ ಹಾಕಿದ್ದೀರಿ. ಸಾವಿರ ವ್ಯಾಟಿನ ಸೌಂಡ್‌ಬಾರ್ ಅನ್ನೋ ಉದ್ದನೆಯ ಸ್ಪೀಕರ್ ಪೆಟ್ಟಿಗೆ ತಂದು ಟಿ.ವಿ. ಕೆಳಗೆ ಇಟ್ಟರೆ ಸಾಕು, ಗಾಯಕರು ಎದುರಿಗೆ ಕೂತು ಹಾಡಿದ ಹಾಗೇ ಕೇಳಿಸುತ್ತದೆ ಅಂತ ಅದರಲ್ಲಿದೆ. ಬರೆದವರು ಯಾರೋ ಏನೋ. ಗಾಯಕರ ಎದುರಿಗೆ ಕೂತು ಹಾಡು ಕೇಳಿ ಅವರಿಗೆ ಬಹಳ ವರ್ಷ ಆಗಿರಬೇಕು.

ನಾನು ಕಲಬುರಗಿಯಲ್ಲಿ 34 ವರ್ಷ ರೇಡಿಯೊ, ಟೇಪ್, ಆಂಪ್ಲಿಫೈಯರ್ ರಿಪೇರಿ ಅಂಗಡಿ ನಡೆಸಿದವನು. ಈಗ ಅರ್ಧ ದಿನ ಮಾತ್ರ ಬಾಗಿಲು ತೆರೆಯುತ್ತೇನೆ. ಸೋಮವಾರ ರಾತ್ರಿ ನಮ್ಮ ಓಣಿಯ ಭಜನೆಯಲ್ಲಿ ತಬಲಾ ಬಾರಿಸುತ್ತೇನೆ, ಅದೂ ಒಂದು ಮಟ್ಟಕ್ಕೆ. ಪೆಟ್ಟಿಗೆಯ ಒಳಗೂ ಕೈ ಹಾಕಿದ್ದೇನೆ, ತಬಲಾದ ಜೋಡಿ ಡಗ್ಗಾ ಮೇಲೂ ಕೈ ಇಟ್ಟಿದ್ದೇನೆ. ಅದಕ್ಕೇ ಈ ಪತ್ರ. ಉದ್ದ ಆಗುತ್ತದೆ, ಕತ್ತರಿ ಹಾಕುವುದಾದರೆ ಕೂಲರ್ ವಿಷಯ ಮಾತ್ರ ತೆಗೆಯಬೇಡಿ.

ಯುಗಾದಿಗೆ ಬೆಂಗಳೂರಿನಿಂದ ಮಗಳು, ಅಳಿಯ ಬಂದಿದ್ದರು. ಅಳಿಯ ಇಂಥದ್ದೇ ಒಂದು ಸೌಂಡ್‌ಬಾರ್ ತಂದಿದ್ದ. ನಿಮ್ಮ ಪುಟದಲ್ಲಿರೋ ಹಾಗೇ ಉದ್ದಕ್ಕೆ, ಕಪ್ಪಗೆ, ಹೊಲದ ಬದುವಿನ ಮೇಲೆ ಮಲಗಿದ ಹಾವಿನ ಹಾಗೆ. ಹಚ್ಚಿ, ‘ಮಾವ, ಕಣ್ಣ ಮುಚ್ಚಿ ಕೇಳ್ರಿ, ಭೀಮಸೇನ ಜೋಶಿಯವರು ಇಲ್ಲೇ ಕುಂತಂಗ ಅನಸ್ತದ’ ಅಂದ. ಕಣ್ಣು ಮುಚ್ಚಿದೆ. ಜೋಶಿಯವರು ಟಿ.ವಿ. ಮೇಜಿನ ಡ್ರಾಯರ್ ಒಳಗೆ ಮಲಗಿ ಹಾಡಿದ ಹಾಗೆ ಕೇಳಿಸಿತು. ಅಳಿಯನ ಮುಂದೆ ಅದನ್ನು ಹೇಳೋಕೆ ಆಗುತ್ತಾ? ‘ಛಲೋ ಅದಪ’ ಅಂದೆ.

ಮೊದಲು ವ್ಯಾಟಿನ ಮಾತು ಮುಗಿಸಿಬಿಡೋಣ, ಇದು ನಮ್ಮ ಅಂಗಡಿಯ ಹಳೇ ಜಗಳ. ಗಿರಾಕಿ ಒಂದು ಪೆಟ್ಟಿಗೆ ತರುತ್ತಾರೆ, ಮೇಲೆ ದೊಡ್ಡದಾಗಿ 1000 ವ್ಯಾಟ್ ಅಂತ ಬರೆದಿರುತ್ತದೆ, ಪಕ್ಕದಲ್ಲಿ ಇರುವೆ ಅಕ್ಷರದಲ್ಲಿ ಪಿಎಂಪಿಒ ಅಂತ ಇರುತ್ತದೆ. ನಾನು ಪೆಟ್ಟಿಗೆ ನೋಡೋದಿಲ್ಲ, ಅದರ ಜೊತೆ ಬಂದ ಅಡಾಪ್ಟರ್ ತಿರುಗಿಸಿ ನೋಡುತ್ತೇನೆ. 12 ವೋಲ್ಟ್, 3 ಆಂಪಿಯರ್. ಗುಣಿಸಿದರೆ 36 ವ್ಯಾಟ್. ಬಾವಿಯಲ್ಲಿ 36 ಕೊಡ ನೀರು ಇದ್ದರೆ ಹಗ್ಗ ಹಾಕಿ ಸಾವಿರ ಕೊಡ ಸೇದೋಕೆ ಬರುತ್ತದೇನ್ರಿ? ಕಣ್ಣು ಮಿಟುಕಿಸುವಷ್ಟು ಹೊತ್ತಿನ ಒಂದು ಲೆಕ್ಕ ಹಿಡಿದು, ಅದನ್ನೂ ಹಿಗ್ಗಿಸಿ ಹಾಕಿದ ಅಂಕಿ ಅದು. ಕೇಳಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಒಂದೇ ಸಮನೆ ಎಷ್ಟು ಕೊಡುತ್ತದೆ ಅನ್ನೋದು.

ಆ ನಿಜವಾದ ವ್ಯಾಟೂ ಅಷ್ಟೇನು ಕೆಲಸಕ್ಕೆ ಬರೋದಿಲ್ಲ. ಮನೆಯಲ್ಲಿಡುವ ಸಾಮಾನ್ಯ ಸ್ಪೀಕರಿಗೆ 100 ವ್ಯಾಟ್ ಕರೆಂಟ್ ಕೊಟ್ಟರೆ ಧ್ವನಿಯಾಗಿ ಹೊರಗೆ ಬರೋದು ಒಂದು ವ್ಯಾಟಿಗಿಂತ ಕಡಿಮೆ. ಉಳಿದದ್ದೆಲ್ಲ ಸ್ಪೀಕರಿನ ಒಳಗಿನ ತಂತಿಸುರುಳಿ, ಅಂದರೆ ಕಾಯಿಲಿನಲ್ಲಿ ಬಿಸಿ. ನಮ್ಮೂರಿನ ಮೇ ತಿಂಗಳಿಗೆ ಅದೊಂದು ಬಾಕಿ ಇತ್ತು. ಕಾಯಿಲ್ ಬಿಸಿ ಆದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ, ಧ್ವನಿ ಇನ್ನೂ ಕುಗ್ಗುತ್ತದೆ. ಇದರ ಮೇಲೆ ಇನ್ನೊಂದು ಲೆಕ್ಕ: ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಆಂಪ್ಲಿಫೈಯರ್ ಸುಮಾರು ಹತ್ತು ಪಟ್ಟು ವ್ಯಾಟ್ ಕೊಡಬೇಕು. 10 ಇದ್ದದ್ದು 100 ಆಗಬೇಕು, ಇನ್ನೂ ಎರಡು ಪಟ್ಟು ಬೇಕು ಅಂದರೆ 1000. ಈಗ ಶರಣಬಸವೇಶ್ವರರ ಜಾತ್ರೆಯಲ್ಲಿ ಹತ್ತು ಅಡಿ ದೂರದಲ್ಲಿ ನಿಂತು ಹಲಗೆ ಕೇಳಿದ್ದನ್ನು ನೆನಪು ಮಾಡಿಕೊಳ್ಳಿ. ಪೆಟ್ಟು ಎದೆಗೆ ಬಡಿಯುತ್ತದೆ, ಅಂಗಿ ನಡುಗುತ್ತದೆ. ಒಂದೂವರೆ ಅಡಿ ಅಗಲದ ಚರ್ಮ ಅದು. ಸೌಂಡ್‌ಬಾರಿನಲ್ಲಿ ಗಾಳಿ ತಳ್ಳುವ ಕೋನ್ ತೀರಾ ದೊಡ್ಡದು ಅಂದರೆ ನಾಲ್ಕು ಇಂಚು. ಹಲಗೆಯ ಚರ್ಮದ ವಿಸ್ತಾರ ಅದರ ಇಪ್ಪತ್ತು ಪಟ್ಟು. ಅಷ್ಟು ಗಾಳಿಯನ್ನು ಆ ಸಣ್ಣ ಕೋನ್ ತಳ್ಳಬೇಕಾದರೆ ಗೂಡು ಬಿಟ್ಟು ಹೊರಗೆ ಜಿಗಿಯಬೇಕು. ಅದು ಆಗದ ಮಾತು, ಹಾಗಾಗಿ ಒಳಗಿರುವ ಎಲೆಕ್ಟ್ರಾನಿಕ್ ಚಿಪ್ ಪೆಟ್ಟನ್ನೇ ಮೆತ್ತಗೆ ಮಾಡಿ ಕಳಿಸುತ್ತದೆ. ಹಲಗೆ ಬಾರಿಸಿದವರಿಗೆ ಅದು ಹಲಗೆ ಅಲ್ಲ, ರಟ್ಟಿನ ಡಬ್ಬಿ.

ಹಾಗಂತ ಪೆಟ್ಟಿಗೆಯೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಹೋದ ತಿಂಗಳು ನಮ್ಮ ಪಡಸಾಲೆಯಲ್ಲೇ ಒಂದು ಪರೀಕ್ಷೆ ಮಾಡಿದೆವು, ಅದನ್ನು ಹೇಳುತ್ತೇನೆ.

ಇದರ ಯೋಚನೆ ನನ್ನದಲ್ಲ, ಎಡಿಸನ್ನನದು. ಧ್ವನಿ ಹಿಡಿದಿಡುವ ಯಂತ್ರವನ್ನು 1877ರಲ್ಲಿ ಮಾಡಿದ ಆತ, 1915ರಿಂದ ಮುಂದೆ ಹತ್ತು ವರ್ಷ ಅಮೆರಿಕದ ಊರೂರಿನಲ್ಲಿ ಒಂದು ಆಟ ಆಡಿಸಿದ. ವೇದಿಕೆ ಮೇಲೆ ಗಾಯಕಿ, ಪಕ್ಕದಲ್ಲಿ ಅವನ ಗ್ರಾಮಫೋನು. ಇಬ್ಬರೂ ಒಟ್ಟಿಗೆ ಶುರು. ನಡುವೆ ಗಾಯಕಿ ಬಾಯಿ ಮುಚ್ಚುತ್ತಾಳೆ, ತಟ್ಟೆ ಹಾಡುತ್ತಲೇ ಇರುತ್ತದೆ. ಕೆಲವು ಸಲ ದೀಪ ಆರಿಸುತ್ತಿದ್ದರು, ದೀಪ ಹತ್ತಿದಾಗ ಗಾಯಕಿ ವೇದಿಕೆ ಮೇಲೆ ಇರುತ್ತಲೇ ಇರಲಿಲ್ಲ. ಜನ ಬೆರಗಾಗಿ ಹೋದರು. ಕೀಲಿ ಎಲ್ಲಿತ್ತು ಅಂದರೆ, ಯಂತ್ರ ಎಷ್ಟು ಸಣ್ಣಗೆ ಹಾಡುತ್ತದೋ ಗಾಯಕಿಯೂ ಅಷ್ಟೇ ಸಣ್ಣಗೆ ಹಾಡುತ್ತಿದ್ದಳು. ಹೀಗೆ ಹಾಡಿದ್ದಾಗಿ ಅವರಲ್ಲಿ ಒಬ್ಬಳು ಮುಪ್ಪಿನಲ್ಲಿ ಒಪ್ಪಿಕೊಂಡಳು. ಯಂತ್ರ ಮನುಷ್ಯರ ಹಾಗೆ ಹಾಡಲಿಲ್ಲ, ಮನುಷ್ಯರೇ ಯಂತ್ರದ ಹಾಗೆ ಹಾಡಿದರು!

ಆದರೆ 1960ರ ಆಸುಪಾಸಿನಲ್ಲಿ ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಅನ್ನೋ ಸ್ಪೀಕರ್ ಕಂಪನಿ ಮಾಡಿದ್ದು ಬೇರೆ ಥರ. ನಾಲ್ಕು ಜನ ಪಿಟೀಲು, ಚೆಲ್ಲೊ ವಾದಕರನ್ನು ವೇದಿಕೆ ಮೇಲೆ ಕೂರಿಸಿದರು. ಸ್ವಲ್ಪ ಹೊತ್ತು ನಿಜವಾಗಿ ನುಡಿಸೋದು, ಸ್ವಲ್ಪ ಹೊತ್ತು ಬಿಲ್ಲನ್ನು ತಂತಿಗೆ ತಾಗಿಸದೆ ಸುಮ್ನೆ ಆಡಿಸೋದು, ಆಗ ಸ್ಪೀಕರ್ ನುಡಿಯೋದು. ಎಲ್ಲಿ ಬದಲಾಯಿತು ಅಂತ ಕೂತವರಲ್ಲಿ ಹೆಚ್ಚಿನವರಿಗೆ ತಿಳಿಯಲಿಲ್ಲ. ಗುಟ್ಟು ರೆಕಾರ್ಡಿಂಗ್‌ನಲ್ಲಿತ್ತು. ಅದನ್ನು ಪ್ರತಿಧ್ವನಿ ಇಲ್ಲದ ಜಾಗದಲ್ಲಿ ಮಾಡಿದ್ದರು. ಆ ಬೋಳು ಧ್ವನಿಗೆ, ವಾದಕರ ಧ್ವನಿಗೆ, ಎರಡಕ್ಕೂ ಗುಂಯ್‌ಗುಡುವಿಕೆ ಸಿಕ್ಕಿದ್ದು ಅದೇ ಸಭಾಂಗಣದ ಗೋಡೆಗಳಿಂದ.

ಇದನ್ನು ಓದಿದ ದಿನದಿಂದ ನನಗೆ ಒಂದು ಮಾತು ತಲೆಯಲ್ಲಿ ಕೂತಿದೆ. ಪೆಟ್ಟಿಗೆಗೆ ನಾವು ಎರಡು ಬೇರೆ ಬೇರೆ ಕೆಲಸ ಹೇಳುತ್ತೇವೆ. ಒಂದು, ಹಾಡುವವರನ್ನು ನಮ್ಮ ಮನೆಗೆ ಕರೆದುಕೊಂಡು ಬಾ ಅನ್ನೋದು. ಇನ್ನೊಂದು, ನಮ್ಮನ್ನು ಅವರು ಹಾಡುತ್ತಿರುವ ಜಾಗಕ್ಕೆ ಕರೆದುಕೊಂಡು ಹೋಗು ಅನ್ನೋದು. ಮೊದಲನೆಯದು ಬಹಳ ಮಟ್ಟಿಗೆ ಆಗುತ್ತದೆ. ಒಬ್ಬರು ಹಾಡುವವರು, ಒಂದು ಏಕತಾರಿ. ಅವರಿಗೆ ನಮ್ಮ ಪಡಸಾಲೆಯಲ್ಲಿ ಜಾಗ ಸಾಲುತ್ತದೆ, ನಿಜವಾಗಿಯೂ ಬಂದು ಕೂತಿದ್ದಾರೆ. ಎರಡನೆಯದು ಆಗೋದಿಲ್ಲ. ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋಗಿ ನೋಡಿ, 1367ರದ್ದು, ನಡುವೆ ತೆರೆದ ಅಂಗಳ ಇಲ್ಲ, ಪೂರ್ತಿ ಗುಮ್ಮಟಗಳ ಕೆಳಗೇ ಇದೆ. ಮೆಲ್ಲಗೆ ಮಾತಾಡಿದರೂ ಮಾತು ಕಂಬದಿಂದ ಕಂಬಕ್ಕೆ ಸುತ್ತಿ, ಮೇಲಿಂದ, ಹಿಂದಿಂದ, ಪಕ್ಕದಿಂದ ಬಂದು ಸೇರುತ್ತದೆ. ಅದನ್ನು ಎದುರಿಗಿರುವ ಎರಡು ಪೆಟ್ಟಿಗೆಯಿಂದ ಕೊಡು ಅಂದರೆ ಎಲ್ಲಿಂದ ಕೊಡಬೇಕು?

ಇನ್ನು ನಮ್ಮ ಪರೀಕ್ಷೆ. ತಂಡದಲ್ಲಿ ತತ್ವಪದ ಹಾಡುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಕಾಕಾ ಅನ್ನುತ್ತೇವೆ. ಒಂದು ದಿನ ಬೆಳಗಿನ ಜಾವ, ಗಾಳಿ ಬೀಸೋದಕ್ಕೆ ಮೊದಲು, ಅವರನ್ನು ಮಾಳಿಗೆ ಮೇಲೆ ಕೂರಿಸಿ, ಎರಡು ಅಡಿ ದೂರ ಮೈಕ್ ಇಟ್ಟು ಹಾಡಿಸಿಕೊಂಡೆ. ಬಯಲಲ್ಲಿ ಗೋಡೆ ಇಲ್ಲ, ಪ್ರತಿಧ್ವನಿ ಇಲ್ಲ. ಸಂಜೆ ಪಡಸಾಲೆಯಲ್ಲಿ ಮನೆಯಾಕೆಯ ಹಳೇ ಕೌದಿಯನ್ನು ಪರದೆ ಕಟ್ಟಿ, ಹಿಂದೆ ಕಾಕಾ, ಅವರ ಆಚೆ ಈಚೆ ನನ್ನ ಸ್ಪೀಕರ್. ಅಳಿಯನ ಸೌಂಡ್‌ಬಾರ್ ಅಲ್ಲ, ನಾನೇ ಪ್ಲೈವುಡ್ಡಿನಲ್ಲಿ ಮಾಡಿದ ಎರಡು ಪೆಟ್ಟಿಗೆ, ಮಂದ್ರ ನುಡಿಸೋಕೆ ಎಂಟು ಇಂಚಿನ ವೂಫರ್, 40 ವ್ಯಾಟಿನ ಹಳೇ ಆಂಪ್ಲಿಫೈಯರ್. ಕೇಳೋಕೆ ಮನೆಯಾಕೆ, ಎದುರುಮನೆಯ ಗಂಡ ಹೆಂಡತಿ, ಅಳಿಯ, ಒಂಬತ್ತು ವರ್ಷದ ಮೊಮ್ಮಗಳು. ನಾಣ್ಯ ಚಿಮ್ಮಿ, ರಾಜ ಬಿದ್ದರೆ ಕಾಕಾ, ಇಲ್ಲದಿದ್ದರೆ ಪೆಟ್ಟಿಗೆ.

ಮೊದಲ ಸುತ್ತಿನಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ನನಗೆ ಒಂದು ಕ್ಷಣ ಹೆಮ್ಮೆ ಆಯ್ತು. ಆಮೇಲೆ ನೋಡಿದರೆ ಎರಡೂ ಮಂಕಾಗೇ ಕೇಳುತ್ತಿದ್ದವು. ಕೌದಿ ದಪ್ಪ, ಸೂಕ್ಷ್ಮ ಧ್ವನಿಯನ್ನೆಲ್ಲ ಅದೇ ಕುಡಿದುಬಿಡುತ್ತಿತ್ತು. ಕೌದಿ ತೆಗೆದು ಹಿಂದಿನ ಗೋಡೆಗೆ ನೇತುಹಾಕಿದೆವು, ಪರದೆಗೆ ಒಂದು ತೆಳು ಹತ್ತಿ ಸೀರೆ ಕಟ್ಟಿದೆವು. ಆಗಲೂ ಗೊಂದಲವೇ. ಇಬ್ಬರಿಗೆ ಪೆಟ್ಟಿಗೆಯೇ ಕಾಕಾ ಅನ್ನಿಸಿತು. ಯಾಕೆ ಅಂದರೆ ನಾನು ವಾಲ್ಯೂಮ್ ಒಂದು ಎಳೆ ಜಾಸ್ತಿ ಇಟ್ಟಿದ್ದೆ. ಒಂಚೂರು ಜೋರಾದದ್ದು ಕಿವಿಗೆ ಜೋರು ಅನ್ನಿಸೋದಿಲ್ಲ, ಚೆನ್ನಾಗಿದೆ ಅನ್ನಿಸುತ್ತದೆ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು, ಮಾರಬೇಕಾದ ಪೆಟ್ಟಿಗೆಯನ್ನು ಅರ್ಧ ಗೆರೆ ಮೇಲೆ ಇಟ್ಟು ಕೇಳಿಸುತ್ತಾರೆ. ನಾನೂ ಮಾಡಿದ್ದೇನೆ, ಈಗ ಹೇಳಿದರೆ ನಷ್ಟ ಇಲ್ಲ.

ವಾಲ್ಯೂಮ್ ಸರಿ ಮಾಡಿದ ಮೇಲೂ ಅರ್ಧಕ್ಕರ್ಧ ತಪ್ಪೇ ಹೇಳುತ್ತಿದ್ದರು, ಮೊಮ್ಮಗಳೊಬ್ಬಳು ಬಿಟ್ಟು. ಅವಳು ಒಂದೂ ತಪ್ಪಲಿಲ್ಲ. ಕೂಸಿನ ಕಿವಿ ಎಷ್ಟು ಚುರುಕು ಅಂತ ಎಲ್ಲರೂ ಹೊಗಳಿದರು. ಕೊನೆಗೆ ಕೇಳಿದರೆ, ‘ಸೀರಿ ಕೆಳಗ ಅಜ್ಜಾನ ಕಾಲಬೆರಳು ಕಾಣ್ತದ, ಹಾಡೂ ಮುಂದ ಅಲುಗಾಡ್ತದ’ ಅಂದಳು.

ಆಮೇಲೆ ಯಾರಿಗೋ ಹೊಳೆಯಿತು, ಕೂಲರ್ ಹಚ್ಚೇ ಇದೆ ಅಂತ. ನಮ್ಮ ಕಡೆ ಮಾರ್ಚಿನಿಂದ ಜೂನಿನ ತನಕ ಕೂಲರ್ ಸದ್ದು ಅನ್ನೋದು ಸದ್ದೇ ಅಲ್ಲ, ಅದು ಮನೆಯ ಉಸಿರು. ಕಿವಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳೋದಿಲ್ಲ. ಆರಿಸಿದೆವು. ಒಂದು ನಿಮಿಷದಲ್ಲಿ ಎಲ್ಲರ ಬೆನ್ನಲ್ಲೂ ಬೆವರು, ಆದರೆ ಪಡಸಾಲೆ ಬೇರೆಯೇ ಆಗಿತ್ತು. ಕಾಕಾ ಒಂದು ಸಾಲು ಮುಗಿಸಿ ಉಸಿರು ಎಳೆದುಕೊಳ್ಳೋದು, ಬೆರಳು ತಂತಿ ಬಿಡುವಾಗಿನ ಸಣ್ಣ ಕೆರೆತ, ಏಕತಾರಿಯ ಬುರುಡೆ ಅವರ ತೊಡೆಗೆ ತಾಗಿದ ಟಕ್ ಸದ್ದು. ಇದೆಲ್ಲ ನಿಜದ ಕಾಕಾ ಹಾಡುವಾಗ ಒಂದೊಂದು ಜಾಗದಿಂದ ಬಂತು. ಉಸಿರು ಮೇಲಿಂದ, ಬುರುಡೆ ಕೆಳಗಿಂದ. ಪೆಟ್ಟಿಗೆಯಲ್ಲಿ ಎಲ್ಲವೂ ಇತ್ತು, ಒಂದೂ ಕಳೆದಿರಲಿಲ್ಲ, ಆದರೆ ಎಲ್ಲವೂ ಒಂದೇ ಎತ್ತರದಿಂದ ಬಂತು. ಎದುರುಮನೆಯಾಕೆ ಥಟ್ಟನೆ ಹಿಡಿದರು. ಅಲ್ಲಿಂದ ಮುಂದೆ ಬಹಳ ಮಟ್ಟಿಗೆ ಸರಿಯಾಗೇ ಹೇಳಿದರು. ಅಂದರೆ ಕೂಲರ್ ಇದ್ದಾಗ ಕಾಕಾನೂ ಪೆಟ್ಟಿಗೆಯೂ ಒಂದೇ. ನಿಮ್ಮ ಪುರವಣಿಯವರು ಬಹುಶಃ ಕೂಲರ್ ಹಚ್ಚಿಕೊಂಡು ಕೇಳಿರಬೇಕು.

ಕೊನೆಗೆ ದಮ್ಮಡಿ ಅನ್ನೋ ಚರ್ಮವಾದ್ಯ, ತಾಳ ಸೇರಿಸಿದೆವು. ಅಲ್ಲಿಗೆ ಆಟ ಮುಗಿಯಿತು. ಒಬ್ಬರೂ ಮೋಸ ಹೋಗಲಿಲ್ಲ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮಗಳು ಅಲ್ಲಿಂದಲೇ ‘ಇದು ಖರೇದು, ಇದು ಬಾಕ್ಸು’ ಅಂತ ಕೂಗುತ್ತಿದ್ದಳು. ಯೋಚನೆ ಮಾಡಿ, ಎರಡು ಗೋಡೆ ಆಚೆ. ದಮ್ಮಡಿಯ ಪೆಟ್ಟಿನ ತುದಿ ಬಹಳ ಮೊನಚು. ಸರಾಸರಿ ಜೋರಿಗಿಂತ ಆ ತುದಿ ಎಷ್ಟೋ ಪಾಲು ಮೇಲೆ ಇರುತ್ತದೆ, ಕ್ಷಣದ ಸಣ್ಣ ಪಾಲಿನಲ್ಲಿ ಬಂದು ಹೋಗುತ್ತದೆ. ಅಷ್ಟರೊಳಗೆ ನನ್ನ 40 ವ್ಯಾಟಿನ ಮುದುಕ ಏದುಸಿರು ಬಿಡುತ್ತಾನೆ, ತುದಿ ಮೊಂಡಾಗುತ್ತದೆ. ತಾಳದ ಕಂಚಿನ ಝಣ್ ಅನ್ನೋದು ಇನ್ನೊಂದು ಕಷ್ಟ. ಅದು ಮನುಷ್ಯರ ಕಿವಿಯ ಮೇಲಿನ ಗಡಿ, ಅಂದರೆ 20,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ತನಕ ಚೆಲ್ಲಿಕೊಳ್ಳುತ್ತದೆ. ಮೊಬೈಲಿನಲ್ಲಿ ಕಿರಿದು ಮಾಡಿ ಕಳಿಸಿದ ಎಂಪಿ3ಯಲ್ಲಿ ಮೊದಲು ಕೆಡೋದೇ ಇಂಥ ಧ್ವನಿ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನಗೀಗ 63. ನಮ್ಮ ವಯಸ್ಸಿಗೆ ಮೇಲಿನ ಸ್ವರಗಳು ಒಂದೊಂದಾಗಿ ಮನೆ ಬಿಡುತ್ತವೆ. ಅಂಗಡಿಯಲ್ಲಿರೋ, ಬೇಕಾದ ಸ್ವರ ಹುಟ್ಟಿಸುವ ಸಿಗ್ನಲ್ ಜನರೇಟರ್ ಹಚ್ಚಿ ನೋಡಿಕೊಂಡಿದ್ದೇನೆ, 11,000 ಹರ್ಟ್ಸ್ ದಾಟಿದರೆ ನನಗೆ ಮೌನ. ಅಂಥವನಿಗೆ ‘40,000 ಹರ್ಟ್ಸ್ ತನಕ ಬರ್ತದ್ರಿ ಅಂಕಲ್’ ಅಂತ ಹೇಳಿ ದುಬಾರಿ ಸ್ಪೀಕರ್ ಮಾರೋಕೆ ಒಬ್ಬ ಹುಡುಗ ಬಂದಿದ್ದ. ಬಾವಲಿಗೆ ಮಾರು ಹೋಗಪ್ಪಾ ಅಂದೆ.

ಪೆಟ್ಟಿಗೆಯ ಬೆಲೆಗಿಂತ ದೊಡ್ಡ ವಿಷಯ ಕೋಣೆ, ಇದನ್ನು ನಿಮ್ಮ ಪುಟ ಒಂದು ಸಾಲಿನಲ್ಲೂ ಹೇಳಿಲ್ಲ. ನಮ್ಮ ಕಡೆ ಮನೆಗಳಿಗೆ ಶಹಾಬಾದ್ ಪರಸಿ ಕಲ್ಲಿನ ನೆಲ. ಬೇಸಿಗೆಗೆ ಅದರಂಥದ್ದು ಇಲ್ಲ, ನೀರು ಹೊಡೆದು ಬರಿಮೈಯಲ್ಲಿ ಮಲಗಿದರೆ ಸ್ವರ್ಗ. ಧ್ವನಿಗೆ ಮಾತ್ರ ಅದು ಕನ್ನಡಿ. ಮೇಲೆ ಆರ್‌ಸಿಸಿ, ಸುತ್ತ ಸಿಮೆಂಟ್ ಗೋಡೆ, ಅಲ್ಲೊಂದು ಕಬ್ಬಿಣದ ಅಲಮಾರಿ. ಹೊಸ ಮನೆಗೆ ಸಾಮಾನು ತುಂಬೋ ಮೊದಲು ನಡುವೆ ನಿಂತು ಒಂದು ಚಪ್ಪಾಳೆ ಹೊಡೆದು ನೋಡಿ, ಟ್ರ್ರಿಂಗ್ ಅಂತ ಸ್ಪ್ರಿಂಗಿನ ಸದ್ದು ಬರುತ್ತದೆ. ಪ್ರತಿ ಸ್ವರದ ಹಿಂದೆಯೂ ಆ ಟ್ರ್ರಿಂಗ್ ಅಂಟಿಕೊಂಡೇ ಇರುತ್ತದೆ. ಒಂದು ಲಕ್ಷದ ಸ್ಪೀಕರ್ ತಂದರೂ ಅದು ಹೋಗೋದಿಲ್ಲ.

ಮಂದ್ರದ ತೊಂದರೆ ಇನ್ನೂ ವಿಚಿತ್ರ. ನನ್ನ ಪಡಸಾಲೆ ಉದ್ದ, ಅಗಲ, ಎತ್ತರ ಮೂರೂ ಹತ್ತು ಅಡಿ. ಗೌಂಡಿಗೆ ಹೇಳಿ ಅಚ್ಚುಕಟ್ಟಾಗಿ ಚೌಕ ಮಾಡಿಸಿದ್ದೆ, ಅದೇ ತಪ್ಪು. ಹತ್ತು ಅಡಿ ಅಂತರದ ಎರಡು ಗೋಡೆ ನಡುವೆ 56 ಹರ್ಟ್ಸ್ ಆಸುಪಾಸಿನ ಸ್ವರ ಸಿಕ್ಕಿಹಾಕಿಕೊಂಡು ಅಲ್ಲೇ ತೂಗುತ್ತದೆ. ಮೂರೂ ಕಡೆ ಒಂದೇ ಅಳತೆ ಇದ್ದರೆ ಮೂರೂ ಸೇರಿ ಅದೇ ಸ್ವರವನ್ನು ಎತ್ತುತ್ತವೆ. ಗೋಡೆಗೆ ಒರಗಿ ಕೂತರೆ ಡಗ್ಗಾ ಗುಮ್ಮ್ ಅಂತ ತಲೆ ತಿನ್ನುತ್ತದೆ, ಎದ್ದು ನಡುವೆ ಹೋಗಿ ಕೂತರೆ ಅರ್ಧ ಮಾಯ. ಒಂದೇ ಹಾಡು, ಒಂದೇ ಪೆಟ್ಟಿಗೆ, ಐದು ಅಡಿ ಅಂತರ. ಒಂದು ಮೂಲೆಯಲ್ಲಿ ನಾಲ್ಕು ಹತ್ತಿ ಗಾದಿ ಒಟ್ಟಿದೆ, ಗೋಡೆಗೆ ಎರಡು ಕೌದಿ ಹಾಕಿದೆ, ಪೆಟ್ಟಿಗೆಗಳನ್ನು ಗೋಡೆಯಿಂದ ಎರಡು ಅಡಿ ಮುಂದೆ ಎಳೆದು, ನಾನು ಕೂರುವ ಜಾಗಕ್ಕೂ ಅವಕ್ಕೂ ಮೂರು ಕಲ್ಲಿನ ಒಲೆಯ ಹಾಗೆ ಸಮನಾದ ಅಂತರ ಇಟ್ಟೆ. ಖರ್ಚು ಸೊನ್ನೆ. ಬಾಕ್ಸ್ ಬದಲಿಸಿದ್ದಕ್ಕಿಂತ ಜಾಸ್ತಿ ಫರಕು ಬಂತು. ಮನೆಯಾಕೆ ಮಾತ್ರ ‘ಮನೀನ ಗಾದಿ ಅಂಗಡಿ ಮಾಡೀರಿ’ ಅಂತ ಇವತ್ತಿಗೂ ಅನ್ನುತ್ತಾಳೆ.

ಇಷ್ಟೆಲ್ಲ ಮಾಡಿದರೂ ರೆಕಾರ್ಡಿಂಗೇ ಒಂದು ಬೇರೆ ಲೋಕ ಅನ್ನೋದು ಮರೆಯಬಾರದು. ಈಗ ಗಾಯಕರ ಬಾಯಿಗೆ ಗೇಣು ದೂರದಲ್ಲಿ ಮೈಕ್ ಇಡುತ್ತಾರೆ. ಅಷ್ಟು ಹತ್ತಿರದಿಂದ ಹಾಡು ಕೇಳೋದು ತಾಯಿ ಮಡಿಲಲ್ಲಿ ಮಲಗಿದ ಕೂಸು ಮಾತ್ರ. ತಂಬೂರಿಗೆ ಒಂದು ಮೈಕ್, ತಬಲಾಕ್ಕೆ ಎರಡು, ಎಲ್ಲ ಬೇರೆ ಬೇರೆ ಹಿಡಿದು ಆಮೇಲೆ ಮಿಕ್ಸರಿನಲ್ಲಿ ಕಲಸಿದ್ದು. ಅಂಥ ಹಾಡು ಯಾವ ಕೋಣೆಯಲ್ಲೂ ಎಂದೂ ನಡೆದೇ ಇರೋದಿಲ್ಲ. ನಡೆಯದೇ ಇದ್ದದ್ದನ್ನು ನಮ್ಮ ಪೆಟ್ಟಿಗೆ ನಿಜದ ಹಾಗೆ ತೋರಿಸಬೇಕು, ಪಾಪ.

ತಂಬೂರಿ ಅಂದಾಗ ನೆನಪಾಯ್ತು. ಗಂಡಸಿನ ಕಾಳಿ ಒಂದರ (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ) ಶ್ರುತಿಗೆ ಕೂಡಿಸಿದ ತಂಬೂರಿಯ ಖರ್ಜದ, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರದ, ತಂತಿ ಸುಮಾರು 69 ಹರ್ಟ್ಸ್. ಸೌಂಡ್‌ಬಾರಿನ ಸಣ್ಣ ಕೋನ್ ಆ ಸ್ವರವನ್ನು ಬಹಳ ಮಟ್ಟಿಗೆ ನುಡಿಸೋದೇ ಇಲ್ಲ. ಆದರೂ ನಮಗೆ ಖರ್ಜ ಕೇಳಿಸಿದ ಹಾಗೆ ಅನ್ನಿಸುತ್ತದೆ. ತಂತಿಗೂ ಅದು ಕೂರುವ ಕುದುರೆಗೂ ನಡುವೆ ಒಂದು ದಾರದ ಎಳೆ ಇಟ್ಟು ಜವಾರಿ, ಅಂದರೆ ಝೇಂಕಾರ, ತೆಗೆಯುತ್ತಾರಲ್ಲ, ಅದರಿಂದ ಆ ಒಂದು ಸ್ವರದ ಮೇಲೆ ಸ್ವರಗಳ ಸಾಲೇ ಏಳುತ್ತದೆ. ಮೇಲಿನ ಸಾಲು ಕೇಳಿದರೆ ಸಾಕು, ಕೆಳಗಿನದ್ದನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ. ನಮ್ಮ ಕಡೆ ಜವಾರಿ ಅಂದರೆ ಊರಿನ ನಾಟಿ ಮಾಲು ಅಂತಲೂ ಅರ್ಥ, ಜವಾರಿ ಕೋಳಿ ಅನ್ನೋ ಹಾಗೆ. ಎರಡು ಜವಾರಿಗೂ ಬದಲಿ ಮಾಲು ಇನ್ನೂ ಬಂದಿಲ್ಲ ಅಂತ ನನ್ನ ಅಂದಾಜು.

ಮೆದುಳಿನ ಈ ದಾನಧರ್ಮದಿಂದಲೇ ನಾವು ಚಿಕ್ಕವರಿದ್ದಾಗ ಬದುಕಿದೆವು. ಕಲಬುರಗಿ ಆಕಾಶವಾಣಿಯನ್ನು ಮೂರು ಇಂಚಿನ ಸ್ಪೀಕರಿನ ಟ್ರಾನ್ಸಿಸ್ಟರಿನಲ್ಲಿ ಕೇಳಿದವರು ನಾವು. ಮೀಡಿಯಂ ವೇವ್ ಸೆಟ್ಟಿನಲ್ಲಿ 5,000 ಹರ್ಟ್ಸ್ ಮೇಲೆ ಹೆಚ್ಚೇನೂ ಬರೋದಿಲ್ಲ, ಕೆಳಗೆ ಮಂದ್ರ ಇಲ್ಲ, ಎಡ ಬಲ ಇಲ್ಲ, ನಡುನಡುವೆ ಮಿಂಚಿನ ಚರಚರ. ಆದರೂ ಮಲ್ಲಿಕಾರ್ಜುನ ಮನ್ಸೂರರು ಒಂದು ಸ್ವರದ ಮೇಲೆ ನಿಂತರೆ ನಮ್ಮಪ್ಪ ಜೋಳದ ಚೀಲ ಹೊಲಿಯೋದು ನಿಲ್ಲಿಸಿ ಕೂರುತ್ತಿದ್ದರು. ನಿಜದ ಹಾಗೆ ಇದೆಯಾ ಅಂತ ಅವರು ಒಂದು ದಿನವೂ ಕೇಳಲಿಲ್ಲ. ಎದುರಿಗೆ ಕೂತು ಕೇಳಿದ ಹಾಡು ಅವರ ತಲೆಯೊಳಗೆ ಬೇಕಾದಷ್ಟು ಇತ್ತು, ಬಿಟ್ಟ ಜಾಗವನ್ನು ಅದೇ ತುಂಬುತ್ತಿತ್ತು.

ನನ್ನ ತಕರಾರು ಇಲ್ಲೇ ಇರೋದು. ಇದೇ ಚಳಿಗಾಲದಲ್ಲಿ ನಗರದ ಒಂದು ಸಭಾಂಗಣದಲ್ಲಿ ಗಾಯನ ಕೇಳೋಕೆ ಅಳಿಯನನ್ನೂ ಕರೆದುಕೊಂಡು ಹೋಗಿದ್ದೆ. ಮೂರನೇ ಸಾಲು, ಗಾಯಕರು ಹದಿನೈದು ಅಡಿ ದೂರದಲ್ಲಿ. ಆದರೆ ಧ್ವನಿ ಬಂದದ್ದು ಎಡಗೋಡೆಯ ಮೇಲೆ ತೂಗುಹಾಕಿದ ಕಪ್ಪು ಪೆಟ್ಟಿಗೆಯಿಂದ. ಗಾಯಕರು ನಡುವೆ ಬಾಯಿ ತೆರೆಯುತ್ತಾರೆ, ಸ್ವರ ಎಡಗಡೆಯಿಂದ ಇಳಿಯುತ್ತದೆ. ತಂಬೂರಿ ಮೊಬೈಲಿನದು, ಅದೂ ಮೈಕಿಗೆ. ಡಗ್ಗಾದ ಮೈಕ್ ಎಷ್ಟು ತೆರೆದಿದ್ದರು ಅಂದರೆ ಒಂದು ಘಿಸ್ಸು ಎಳೆದರೆ ಕುರ್ಚಿ ನಡುಗುತ್ತಿತ್ತು. ಇದರ ಮೇಲೆ ಮಿಕ್ಸರ್ ಹುಡುಗ ಸುರಿದ ಎಕೋ. ಇನ್ನೂರು ಜನ ಕೂರುವ ಜಾಗಕ್ಕೆ ಜಾತ್ರೆಯ ಸೌಂಡು. ಹೊರಗೆ ಬಂದ ಮೇಲೆ ಅಳಿಯ, ‘ಮಾವ, ನಮ್ಮ ಸೌಂಡ್‌ಬಾರ್ ಥೇಟ್ ಹಿಂಗೇ ಬರ್ತದಲ್ಲ’ ಅಂದ. ಆಗ ನನಗೆ ನಗು ಬಂತು. ಈಗ ಯೋಚಿಸಿದರೆ ಅವನು ಹೇಳಿದ್ದು ಅಕ್ಷರಶಃ ಸರಿ. ಅವನು ಸ್ಪೀಕರನ್ನು ಸ್ಪೀಕರಿಗೆ ಹೋಲಿಸಿದ, ಎರಡೂ ಒಂದೇ ಥರ ಕೇಳಿಸಿದವು. ಅವನ ತಪ್ಪು ಏನಿದೆ? ಮೈಕ್ ಇಲ್ಲದ ಹಾಡನ್ನು ಅವನು ತತ್ವಪದದ ಕಾಕಾ ಸೀರೆ ಹಿಂದೆ ಕೂತ ದಿನದ ತನಕ ಕೇಳಿಯೇ ಇರಲಿಲ್ಲ. 34 ವರ್ಷದವನು.

ಹಿಂದೆ ನಾಟಕ ಕಂಪನಿಯವರು ತಗಡಿನ ಥಿಯೇಟರಿನಲ್ಲಿ ಹಿಂದಿನ ಗೇಟಿಗೆ ಕೇಳೋ ಹಾಗೆ ಬರಿಗಂಟಲಲ್ಲಿ ಹಾಡುತ್ತಿದ್ದರು. ಅಷ್ಟೆಲ್ಲ ಈಗ ಬೇಡ. ನನ್ನ ಬೇಡಿಕೆ ಸಣ್ಣದು. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ನೂರು ನೂರೈವತ್ತು ಜನ ಸೇರುವ ಸಂಗೀತ ಕಾರ್ಯಕ್ರಮ ಮಾಡುವವರು ಒಂದು ಹಾಡಿಗೆ, ಹದಿನೈದು ನಿಮಿಷಕ್ಕೆ ಮಾತ್ರ, ಮೈಕ್ ಬಂದ್ ಮಾಡಿಸಲಿ. ಕುರ್ಚಿ ಹತ್ತಿರ ಎಳೆದುಕೊಳ್ಳಿ ಅಂತ ಹೇಳಲಿ. ಫ್ಯಾನ್ ಸಣ್ಣ ಮಾಡಿಸಲಿ. ಮೊದಲ ಎರಡು ನಿಮಿಷ ಏನೂ ಕೇಳಿಸೋದಿಲ್ಲ ಅಂತ ಜನ ಗೊಣಗುತ್ತಾರೆ, ಆಮೇಲೆ ಕಿವಿ ತಾನೇ ತೆರೆದುಕೊಳ್ಳುತ್ತದೆ, ನಮ್ಮ ಪಡಸಾಲೆಯಲ್ಲಿ ಆದ ಹಾಗೆ. ನೀವು ಅಂಥ ಕಾರ್ಯಕ್ರಮದ ಸುದ್ದಿ ಹಾಕುವಾಗ ‘ಮೈಕ್ ಇಲ್ಲದೆ’ ಅಂತ ಎರಡು ಪದ ಸೇರಿಸಿದರೆ ಉಪಕಾರ. ಮುಂದಿನ ಸಲ ಪೆಟ್ಟಿಗೆಗಳ ಬಗ್ಗೆ ಪುಟ ಮಾಡುವಾಗ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಗುಣಿಸಿ ನೋಡೋದನ್ನೂ ಬರೆಯಿರಿ, ಅಂಗಡಿಗೆ ಹೋಗುವಾಗ ತಾವು ಎದುರಿಗೆ ಕೂತು ಕೇಳಿದ ಧ್ವನಿಯ ರೆಕಾರ್ಡಿಂಗನ್ನೇ ಮೊಬೈಲಿನಲ್ಲಿ ಒಯ್ಯಿರಿ ಅಂತಲೂ ಬರೆಯಿರಿ. ಮಗಳು ಹಾಡಿದ ಜೋಗುಳವಾದರೂ ಸರಿ, ನೆರೆಮನೆಯವರ ಹಾರ್ಮೋನಿಯಮ್ ಆದರೂ ಸರಿ. ಅಂಗಡಿಯವರು ಹಚ್ಚುವ ಡಮ್ ಡಮ್ ಹಾಡಿನಲ್ಲಿ ಎಲ್ಲ ಪೆಟ್ಟಿಗೆಯೂ ಹುಲಿಯೇ.

ಪುರವಣಿ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಯಾವುದಾದರೂ ಸೋಮವಾರ ರಾತ್ರಿ ಬರಲಿ, ಒಂಬತ್ತರ ಮೇಲೆ. ಪರದೆ ಕಟ್ಟುವ ಮೊಳೆ ಇನ್ನೂ ಗೋಡೆಯಲ್ಲೇ ಇದೆ, ಸೀರೆಯನ್ನು ಈ ಸಲ ನೆಲಕ್ಕೆ ತಾಗೋ ಹಾಗೆ ಕಟ್ಟುತ್ತೇವೆ. ರೊಟ್ಟಿ, ಪುಂಡಿಪಲ್ಯ ಇರುತ್ತದೆ. ಕೂಲರ್ ಹಚ್ಚೋದಿಲ್ಲ, ಬೀಸಣಿಕೆ ಮಾತ್ರ ಅವರೇ ತರಬೇಕು.

ಇಂತಿ,
ನಿಮ್ಮ ಹಳೇ ಓದುಗ,
ರೇಡಿಯೊ ರಿಪೇರಿಯವನು, ಕಲಬುರಗಿ